ಹಳದಿ ಅಂಗಿಯ 14ನೇ ನಂಬರಿನ ಹುಡುಗನಿಗೆ

ಕಳೆದ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಆಸ್ಟಿನ್ ಟೌನ್ ಮೈದಾನದಲ್ಲಿ 12 ವರ್ಷದೊಳಗಿನವರ ಫುಟ್‌ಬಾಲ್ ಪಂದ್ಯ ಆಡಿದ ಹುಡುಗನೇ, ನಿನ್ನ ಹೆಸರು ಕೇಳುವಷ್ಟು ಸಮಾಧಾನ ಅಂದು ನನಗಿರಲಿಲ್ಲ.

ನಿಮ್ಮ ತಂಡ ಒಂದು ಗೋಲಿನಿಂದ ಹಿಂದಿತ್ತು. ನಮ್ಮ ಡಿಫೆಂಡರ್, ಅಂದರೆ ನನ್ನ ಮಗ, ಕಾಲು ಉಳುಕಿ ಬಿದ್ದ. ನಿನ್ನ ಮುಂದೆ ಉಳಿದವನು ಗೋಲ್‌ಕೀಪರ್ ಒಬ್ಬನೇ. ರೆಫರಿ ಇನ್ನೂ ಸೀಟಿ ಊದಿರಲಿಲ್ಲ. ಗೆರೆಯಾಚೆಯಿಂದ ದೊಡ್ಡವರೇ "ಹೊಡಿ, ಹೊಡಿ" ಎಂದು ಕೂಗುತ್ತಿದ್ದರು. ನೀನು ಒಮ್ಮೆ ಹಿಂದಿರುಗಿ ನೋಡಿ ಚೆಂಡನ್ನು ಹೊರಗೆ ಒದ್ದುಬಿಟ್ಟೆ. ಗಾಯ ಗಂಭೀರವೆನಿಸಿದರೆ ಆಟ ನಿಲ್ಲಿಸುವುದು ರೆಫರಿಯ ಕೆಲಸ. ಆಟಗಾರ ಚೆಂಡನ್ನು ಹೊರಗೆ ಹಾಕಬೇಕೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ, ಅದು ಬರೀ ರೂಢಿ. ಇಷ್ಟು ಚಿಕ್ಕವನಿಗೆ ಅದನ್ನು ಯಾರು ಹೇಳಿಕೊಟ್ಟರೋ!

ನಮ್ಮ ಹುಡುಗರು ಅವನನ್ನು ಎತ್ತಿ ನಿಲ್ಲಿಸಲು ಹೊರಟಾಗ ಬೇಡವೆಂದು ತಡೆದವನೂ ನೀನೇ. ನಾನು ಓಡಿ ಬರುವಷ್ಟರಲ್ಲಿ ಮೊಣಕಾಲೂರಿ ಕುಳಿತು, ಅವನ ಕಣ್ಣಿಗೆ ಬಿಸಿಲು ಬೀಳದಂತೆ ಎರಡೂ ಅಂಗೈಗಳನ್ನು ಅಡ್ಡ ಹಿಡಿದಿದ್ದೆ. ಬೆರಳುಗಳ ತುಂಬ ಕೆಂಪು ಮಣ್ಣು.

ಹೊರಹೋದ ಚೆಂಡನ್ನು ಕೈಯಿಂದ ಒಳಗೆಸೆಯುವ ಥ್ರೋ-ಇನ್ ನಮಗೆ ಸಿಕ್ಕಾಗ ನಮ್ಮವರು ಅದನ್ನು ನಿಮ್ಮ ಗೋಲ್‌ಕೀಪರ್‌ಗೇ ಮರಳಿಸಿದರು. ಅಷ್ಟು ಮರ್ಯಾದೆ ನಮಗೂ ಗೊತ್ತಿತ್ತಲ್ಲ, ಪುಣ್ಯ. ಕೊನೆಗೆ ನೀವು ಸೋತಿರಿ.

ಮೂಳೆ ಮುರಿದಿಲ್ಲ ಮಗು, ಪಟ್ಟಿ ಕಟ್ಟಿದ್ದಾರೆ. ಮೂರು ವಾರ ವಿಶ್ರಾಂತಿ. ಇವನು ಮಂಚದ ಮೇಲೆ ಕುಳಿತು ನಿನ್ನ ಎಡಗಾಲಿನ ಆಟವನ್ನೇ ವರ್ಣಿಸುತ್ತಿದ್ದಾನೆ. ತುಂಬಾ ಧನ್ಯವಾದ, ಕಂದ.