ಕೋಡ್ ನೋಡಿ ಸೆನ್ಸರ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಪ್ರಕಟವಾದ, ಮೋಟರ್‌ಸೈಕಲ್‌ಗಳ ಎಂಜಿನ್ ಎಚ್ಚರಿಕೆ ದೀಪವನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಮೀಟರಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಂಡ ಕೂಡಲೇ ಗಾಬರಿಯಾಗುವ ಸವಾರರಿಗೆ, ಆ ದೀಪದ ಹಿಂದೆ ದೋಷ ಸೂಚಿಸುವ ಒಂದು ಸಂಖ್ಯೆ, ಅಂದರೆ ಕೋಡ್, ಅಡಗಿರುತ್ತದೆ, ಅದನ್ನು ತಾವೇ ಓದಿಕೊಳ್ಳಬಹುದು ಎಂದು ತಿಳಿಸಿಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಲೇಖನದ ಜೊತೆಗಿದ್ದ ಕೋಷ್ಟಕದಲ್ಲಿ ಎಡಗಡೆ ಕೋಡ್, ಬಲಗಡೆ ‘ಬದಲಿಸಬೇಕಾದ ಭಾಗ’ ಎಂಬ ಎರಡೇ ಕಾಲಂಗಳಿದ್ದವು. ಆ ಬಲಗಡೆಯ ತಲೆಬರಹದ ಬಗ್ಗೆ ನನ್ನ ತಕರಾರಿದೆ. ಹಲವು ವರ್ಷಗಳಿಂದ ನನ್ನ ಮತ್ತು ಸ್ನೇಹಿತರ ಬೈಕುಗಳನ್ನು ನಾನೇ ಬಿಚ್ಚಿ ಜೋಡಿಸುತ್ತ ಬಂದವನಾಗಿ ಹೇಳುವುದಾದರೆ, ಕೋಡ್ ತೋರಿಸಿದ ಭಾಗ ನಿಜಕ್ಕೂ ಕೆಟ್ಟಿರದಿದ್ದ ಸಂದರ್ಭಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಕಣ್ಣಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಪಿನ್ನುಗಳಿಗೆ ಬಂದು ತಲುಪುವ ವೋಲ್ಟೇಜ್ ಮಾತ್ರ. ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರನ್ನೇ ತೆಗೆದುಕೊಳ್ಳಿ. ಇಸಿಯು ಅದಕ್ಕೆ 5 ವೋಲ್ಟ್ ಕೊಡುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಸುಮಾರು ಅರ್ಧ ವೋಲ್ಟಿನಷ್ಟು, ಪೂರ್ತಿ ತಿರುಗಿಸಿದಾಗ ನಾಲ್ಕು ವೋಲ್ಟಿನ ಆಸುಪಾಸು ವಾಪಸು ಬರಬೇಕು. ಬಂದ ಅಂಕಿ ಈ ಎಲ್ಲೆಯ ಆಚೆ ಹೋಗಿ ನಿಗದಿತ ಸಮಯ ಅಲ್ಲೇ ನಿಂತರೆ ಇಸಿಯು ಒಂದು ಕೋಡನ್ನು ನೆನಪಿನಲ್ಲಿ ಬರೆದಿಟ್ಟು ದೀಪ ಹೊತ್ತಿಸುತ್ತದೆ. ವೋಲ್ಟೇಜ್ ಯಾಕೆ ಕೆಟ್ಟಿತು ಎಂಬುದು ಅದಕ್ಕೆ ತಿಳಿಯದು. ಸೆನ್ಸರ್ ಸತ್ತಿರಬಹುದು, ಕನೆಕ್ಟರಿನ ಪಿನ್ ಹಸಿರುಗಟ್ಟಿರಬಹುದು, ವೈರ್ ಒಳಗೇ ತುಂಡಾಗಿರಬಹುದು, ಅರ್ತ್ ಸಡಿಲವಾಗಿರಬಹುದು, ಕೊಡಬೇಕಾದ 5 ವೋಲ್ಟೇ ಬಾರದೆ ಇರಬಹುದು. ಇವುಗಳಲ್ಲಿ ಯಾವುದಾದರೂ ದೀಪ ಹೊತ್ತಿಸಬಲ್ಲದು. ದ್ವಿಚಕ್ರ ವಾಹನಗಳಿಗೆ ಕಡ್ಡಾಯವಾದ ಒಬಿಡಿಯ (ವಾಹನ ತನ್ನ ದೋಷವನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆಯ) ಮೊದಲನೇ ಹಂತದಲ್ಲಂತೂ ನಿಗಾ ಇದ್ದದ್ದು ಮುಖ್ಯವಾಗಿ ವೈರ್ ಕಡಿದಿದೆಯೇ, ಶಾರ್ಟ್ ಆಗಿದೆಯೇ ಎಂಬುದರ ಮೇಲೆ. ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು), ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಸವಕಳಿ ಮುಂತಾದವು ಸೇರಿಕೊಂಡದ್ದು ಎರಡನೇ ಹಂತದಲ್ಲಿ.

ಕೋಡಿನ ಒಕ್ಕಣೆಯೇ ದಾರಿ ತಪ್ಪಿಸುವುದಕ್ಕೆ ಕೋಷ್ಟಕದಲ್ಲಿದ್ದ ಪಿ0118 ಒಳ್ಳೆಯ ಉದಾಹರಣೆ. ಅದರ ಎದುರಿಗೆ ‘ಕೂಲಂಟ್ ಉಷ್ಣಾಂಶ ಹೆಚ್ಚು, ಸೆನ್ಸರ್ ಬದಲಿಸಿ’ ಎಂದಿತ್ತು (ಕೂಲಂಟ್ ಎಂದರೆ ಎಂಜಿನ್ನನ್ನು ತಂಪಾಗಿಸುವ ದ್ರವ). ಇಲ್ಲಿ ಹೆಚ್ಚಾಗಿರುವುದು ಉಷ್ಣಾಂಶವಲ್ಲ, ವೋಲ್ಟೇಜ್. ಈ ಸೆನ್ಸರ್ ಬಿಸಿಯಾದಂತೆಲ್ಲ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ವೈರ್ ಕಡಿದುಹೋದರೆ ರೆಸಿಸ್ಟೆನ್ಸಿಗೆ ಕೊನೆಯೇ ಇಲ್ಲದಂತಾಗಿ, 5 ವೋಲ್ಟ್ ಹಾಗೆಯೇ ಉಳಿದು, ಎಂಜಿನ್ ಹಿಮದಲ್ಲಿ ಹೂತಿದೆಯೇನೋ ಎಂಬಂತೆ ಕೋಡ್ ಓದುವ ಸ್ಕ್ಯಾನರಿನಲ್ಲಿ ಮೈನಸ್ 40 ಡಿಗ್ರಿಯ ಸುತ್ತಮುತ್ತ ಕಾಣಿಸುತ್ತದೆ. ಇಸಿಯು ಅದನ್ನು ನಂಬಿದಷ್ಟು ಹೊತ್ತೂ ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ, ಪ್ಲಗ್ ಕಪ್ಪಾಗುತ್ತದೆ. ಎಂಜಿನ್ ಕಾದಿದೆ ಎಂದು ಭಾವಿಸಿ ಸವಾರ ರೇಡಿಯೇಟರ್ ತೊಳೆಯುತ್ತ ಕೂರುತ್ತಾನೆ.

ಇದನ್ನು ಪರೀಕ್ಷಿಸುವುದಕ್ಕೆ ಹೊಸ ಸೆನ್ಸರ್ ಬೇಕಿಲ್ಲ. ಎರಡು ವೈರಿನ ಈ ಸೆನ್ಸರಿನ ಕನೆಕ್ಟರನ್ನು ಬಿಡಿಸಿ, ಹಾರ್ನೆಸ್ (ವೈರುಗಳ ಕಟ್ಟು) ಕಡೆಯ ಎರಡು ಪಿನ್ನುಗಳನ್ನು ಸಣ್ಣ ತಂತಿಯಿಂದ ಒಂದು ಕ್ಷಣ ಕೂಡಿಸಿ, ಸ್ಕ್ಯಾನರಿನ ಅಂಕಿಯನ್ನು ಗಮನಿಸಿದರೆ ಸಾಕು. ಅಂಕಿ ಒಮ್ಮೆಲೇ ವಿಪರೀತ ತಂಪಿನಿಂದ ವಿಪರೀತ ಬಿಸಿಗೆ ಹಾರಿದರೆ ವೈರೂ ಇಸಿಯುವೂ ಸರಿಯಾಗಿವೆ, ದೋಷ ಸೆನ್ಸರಿನಲ್ಲಿ ಅಥವಾ ಅದರ ಪಿನ್ನಿನಲ್ಲಿದೆ. ಅಲುಗಾಡದಿದ್ದರೆ ವೈರಿಂಗ್ ಹುಡುಕಬೇಕು. (ಕೆಲವು ಬೈಕುಗಳ ಇಸಿಯು ದೋಷ ಕಂಡೊಡನೆ ತನ್ನದೇ ಕಾಲ್ಪನಿಕ ಅಂಕಿಯನ್ನು ಇಟ್ಟುಕೊಂಡು ಅದನ್ನೇ ಸ್ಕ್ಯಾನರಿಗೂ ತೋರಿಸುತ್ತದೆ, ಅಂಥಲ್ಲಿ ಮಲ್ಟಿಮೀಟರನ್ನೇ ನಂಬುವುದು ವಾಸಿ.) ಮೂರು ವೈರಿನ ಸೆನ್ಸರುಗಳಲ್ಲಿ ಮಾತ್ರ ಹೀಗೆ ತಂತಿ ಕೂಡಿಸುವ ಸಾಹಸ ಬೇಡ, 5 ವೋಲ್ಟಿನ ಪಿನ್ನನ್ನೇ ಅರ್ತಿಗೆ ಮುಟ್ಟಿಸಿದಂತಾದೀತು.

ನನ್ನ ಸ್ವಂತ ಬೈಕಿನ ಪ್ರಸಂಗವೊಂದನ್ನು ಹೇಳುತ್ತೇನೆ. ಪಿ0122, ಅಂದರೆ ಥ್ರಾಟಲ್ ಸೆನ್ಸರಿನಿಂದ ಬರುವ ವೋಲ್ಟೇಜ್ ತೀರ ಕಡಿಮೆ ಎಂಬ ಕೋಡ್ ಬಂದಿತ್ತು. ಆಗ ನನಗೂ ಇಷ್ಟು ತಾಳ್ಮೆ ಇರಲಿಲ್ಲ, ವರ್ಕ್‌ಶಾಪೊಂದಕ್ಕೆ ಒಪ್ಪಿಸಿದೆ. ಆ ಸೆನ್ಸರ್ ಬಿಡಿಯಾಗಿ ಸಿಗುವುದಿಲ್ಲವೆಂದು, ಅದು ಕೂತಿರುವ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನೇ ಬದಲಿಸಿದರು. ನಾಲ್ಕನೇ ದಿನ ದೀಪ ಮತ್ತೆ ಹೊತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ಈ ಬಾರಿ ಕೋಡನ್ನು ಅಳಿಸುವ ಮೊದಲು ಅದರ ಜೊತೆ ದಾಖಲಾಗಿದ್ದ ಫ್ರೀಜ್ ಫ್ರೇಮನ್ನು ನಾನೇ ನೋಡಿದೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು ಎಂಬುದರ ಚಿತ್ರ ಅದು. ವೇಗ ಹೆಚ್ಚುಕಡಿಮೆ ಸೊನ್ನೆ, ಸುತ್ತು ಐಡ್ಲಿಂಗಿಗಿಂತ ತುಸು ಮೇಲೆ. ಬೈಕು ಆ ವೇಗದಲ್ಲಿ ಓಡುವುದು ಅದನ್ನು ತಿರುಗಿಸಿ ನಿಲ್ಲಿಸುವಾಗ ಎಂದು ಹೊಳೆದದ್ದೇ ತಡ, ಕೀ ಆನ್ ಮಾಡಿ, ಸಿಗ್ನಲ್ ವೈರಿಗೆ ಮೀಟರ್ ಹಚ್ಚಿ, ಹ್ಯಾಂಡಲನ್ನು ಎಡಕ್ಕೆ ಪೂರ್ತಿ ಹೊರಳಿಸಿದೆ. ವೋಲ್ಟೇಜ್ ಸೊನ್ನೆಗೆ ಬಿತ್ತು. ಹಿಂದೆ ಯಾವಾಗಲೋ ಹೆಚ್ಚುವರಿ ಲೈಟ್ ಹಾಕಿಸಿದಾಗ ಹ್ಯಾಂಡಲಿನ ವೈರುಗಳ ಜೊತೆ ಎಂಜಿನ್ ಹಾರ್ನೆಸ್ಸನ್ನೂ ಸೇರಿಸಿ ಟೈ ಬಿಗಿದಿದ್ದರು. ಪ್ರತಿ ತಿರುವಿನಲ್ಲೂ ಜಗ್ಗಿ ಜಗ್ಗಿ, ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿತ್ತು. ಎರಡಂಗುಲ ವೈರಿನಿಂದ ರೋಗ ವಾಸಿಯಾಯಿತು. ಹಳೆಯ ಥ್ರಾಟಲ್ ಬಾಡಿ ಈಗಲೂ ನನ್ನ ಮನೆಯ ಕಪಾಟಿನಲ್ಲಿ ಆರೋಗ್ಯವಾಗಿದೆ.

ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಆಕ್ಸಿಜನ್ ಸೆನ್ಸರಿನ ಮೇಲೆ ನಡೆಯುವ ಅನ್ಯಾಯ ಇದಕ್ಕಿಂತ ದೊಡ್ಡದು. ಪಿ0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದು, ಗಾಳಿ ಹೆಚ್ಚು ಎಂಬ ವರದಿ. ಅದನ್ನು ಸೆನ್ಸರ್ ಹೇಳುತ್ತಿದೆ ಎಂಬ ಒಂದೇ ಕಾರಣಕ್ಕೆ ಸೆನ್ಸರನ್ನೇ ಕಿತ್ತು ಹಾಕುತ್ತಾರೆ. ಸಾಮಾನ್ಯ ಬಗೆಯ ಆಕ್ಸಿಜನ್ ಸೆನ್ಸರ್ ಬಿಸಿಯಾದ ಮೇಲೆ 0.1ರಿಂದ 0.9 ವೋಲ್ಟಿನ ನಡುವೆ ಬಿಡದೆ ಏರಿಳಿಯುತ್ತಿರಬೇಕು. ಅದು ಕೆಳಗೇ ಅಂಟಿಕೊಂಡಿದ್ದರೆ (ಗಾಳಿ ಹೆಚ್ಚು ಎಂಬುದರ ಗುರುತು), ಇನ್‌ಟೇಕ್ ರಬ್ಬರ್ ಬಿರುಕುಬಿಟ್ಟು ಕಳ್ಳಗಾಳಿ ನುಗ್ಗುತ್ತಿದೆಯೇ, ಪೆಟ್ರೋಲ್ ಪಂಪಿನ ಒತ್ತಡ ಇಳಿದಿದೆಯೇ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಂಡಿದೆಯೇ, ಸೆನ್ಸರಿಗಿಂತ ಮೊದಲು ಸಿಗುವ ಸೈಲೆನ್ಸರ್ ಗ್ಯಾಸ್ಕೆಟ್ಟಿನ ಸಂದಿನಿಂದ ಹೊರಗಿನ ಗಾಳಿ ಒಳಬರುತ್ತಿದೆಯೇ ಎಂದು ನೋಡಬೇಕು. ಸೈಲೆನ್ಸರ್ ಬದಲಿಸಿಕೊಂಡ ಬೈಕುಗಳಲ್ಲಿ ನಾನು ಮೊದಲು ಕೈಯಿಡುವುದು ಆ ಗ್ಯಾಸ್ಕೆಟ್ಟಿಗೇ. ಗಾಳಿ ಹೆಚ್ಚಾಗಿರುವುದು ನಿಜವೇ ಆಗಿದ್ದರೆ ಹೊಸ ಸೆನ್ಸರೂ ಅದನ್ನೇ ಹೇಳುತ್ತದೆ.

ಒಂದೇ ಸಲಕ್ಕೆ ನಾಲ್ಕಾರು ಕೋಡುಗಳು ಬಂದರೆ ನಾಲ್ಕಾರು ಸೆನ್ಸರುಗಳು ಒಟ್ಟಿಗೇ ಕೆಟ್ಟಿರುವ ಸಂಭವ ತೀರ ಕಡಿಮೆ. ಅವೆಲ್ಲಕ್ಕೂ ಸಮಾನವಾದದ್ದು ಯಾವುದು ಎಂದು ಕೇಳಿಕೊಳ್ಳಬೇಕು: ಬ್ಯಾಟರಿ, ಅರ್ತ್, ಅಥವಾ ಹಂಚಿಕೊಂಡ 5 ವೋಲ್ಟಿನ ವೈರ್. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟಿನ ಆಸುಪಾಸು ಇರಬೇಕು, ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ಸಿಗಬೇಕು. ಸೆಲ್ಫ್ ಒತ್ತಿದಾಗ ವೋಲ್ಟೇಜ್ ಕುಸಿದರೆ ಇಸಿಯು ಅರೆಪ್ರಜ್ಞೆಯಲ್ಲಿ ಏನೇನೋ ಬರೆದುಕೊಳ್ಳುತ್ತದೆ. ಆದ್ದರಿಂದ ಯಾವ ಕೋಡೇ ಬರಲಿ, ಬ್ಯಾಟರಿಯ ಎರಡು ತುದಿಗಳನ್ನು ಉಜ್ಜಿ ಬಿಗಿಗೊಳಿಸಿದ ಮೇಲೆಯೇ ಮುಂದಿನ ಮಾತು.

ಇನ್ನು ಕೋಷ್ಟಕದ ಸಂಖ್ಯೆಗಳ ಬಗ್ಗೆ. ಯಾವ ಕಂಪನಿಯ ಬೈಕು ಎಂದು ಹೇಳದೆ ‘12’ ಎಂದು ಕೊಟ್ಟು, ಎದುರಿಗೆ ಇಂಜೆಕ್ಟರ್ ಎಂದು ಬರೆಯಲಾಗಿತ್ತು. ಹೋಂಡಾದ ಮಿನುಗು ಕೋಡುಗಳಲ್ಲಿ (ದೀಪವೇ ಮಿನುಗಿ ತಿಳಿಸುವ ಸಂಖ್ಯೆಗಳಲ್ಲಿ) ಅದು ಸರಿ. ಆದರೆ ಯಮಹಾದ 12, ಸುಜುಕಿಯ ಸಿ12 ಎಂಜಿನ್ನಿನ ಸುತ್ತನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರನ್ನು ಸೂಚಿಸುತ್ತವೆ. ಕವಾಸಾಕಿಯ 12 ಇನ್‌ಟೇಕ್ ಗಾಳಿಯ ಒತ್ತಡದ ಸೆನ್ಸರನ್ನು. ಐದು ಅಕ್ಷರಗಳ, ‘ಪಿ0’ಯಿಂದ ಶುರುವಾಗುವ ಕೋಡುಗಳು ಎಲ್ಲ ಕಂಪನಿಗಳಿಗೂ ಸಾಮಾನ್ಯ, ‘ಪಿ1’ ಎಂದಿದ್ದರೆ ಅದರ ಅರ್ಥ ಆಯಾ ಕಂಪನಿಯ ಕೈಪಿಡಿಯಲ್ಲೇ ಸಿಗಬೇಕು. ಮಿನುಗನ್ನು ಎಣಿಸುವುದರಲ್ಲೂ ಎಚ್ಚರ ಬೇಕು. ಹೋಂಡಾದಲ್ಲಿ ಉದ್ದ ಮಿನುಗಿಗೆ ಹತ್ತು, ಗಿಡ್ಡ ಮಿನುಗಿಗೆ ಒಂದು ಎಂದು ಲೆಕ್ಕ. ಒಂದು ಉದ್ದ, ಎರಡು ಗಿಡ್ಡ ಬಂದರೆ 12. ಎರಡು ಉದ್ದ, ಒಂದು ಗಿಡ್ಡ ಬಂದರೆ 21, ಅಂದರೆ ಆಕ್ಸಿಜನ್ ಸೆನ್ಸರ್. ನಡುವಿನಿಂದ ಎಣಿಸಲು ತೊಡಗಿದವರು ಇಂಜೆಕ್ಟರನ್ನೂ ಆಕ್ಸಿಜನ್ ಸೆನ್ಸರನ್ನೂ ಅದಲುಬದಲು ಮಾಡಿಕೊಳ್ಳುವುದು ಹೀಗೆ. ಮೊಬೈಲಿನಲ್ಲಿ ಅದನ್ನು ವಿಡಿಯೊ ಮಾಡಿಕೊಂಡು ಎರಡು ಬಾರಿ ನೋಡುವುದು ನನ್ನ ರೂಢಿ.

ಕೋಡ್ ಅಳಿಸುವುದನ್ನೇ ರಿಪೇರಿ ಎಂಬಂತೆ ಲೇಖನದ ಕೊನೆಯ ಭಾಗ ಬಣ್ಣಿಸಿದ್ದು ನನಗೆ ಸರಿಕಾಣಲಿಲ್ಲ. ಅಳಿಸಿದೊಡನೆ ಫ್ರೀಜ್ ಫ್ರೇಮೂ ಹೋಗುತ್ತದೆ. ಮೇಲೆ ಹೇಳಿದ ನನ್ನ ಪ್ರಸಂಗದಲ್ಲಿ ಅದೊಂದೇ ಸಾಕ್ಷಿಯಾಗಿತ್ತು. ಮೊದಲು ಬರೆದುಕೊಳ್ಳಬೇಕು, ಆಮೇಲೆ ಅಳಿಸಬೇಕು, ಅಳಿಸಿದ ಮೇಲೆ ಯಾವುದು ಎಷ್ಟು ಬೇಗ ವಾಪಸು ಬರುತ್ತದೆ ಎಂದು ನೋಡಬೇಕು. ಕೀ ತಿರುಗಿಸಿದ ಕೂಡಲೇ ಬಂದರೆ ಸರ್ಕ್ಯೂಟಿನ ದೋಷ ಈಗಲೂ ಹಾಗೇ ಇದೆ. ಹತ್ತು ಕಿಲೋಮೀಟರ್ ಓಡಿದ ಮೇಲೆ ಬಂದರೆ ಬಿಸಿಗೋ ಅದುರುವಿಕೆಗೋ ಸಂಬಂಧಿಸಿದ್ದಿರಬೇಕು. ಬೈಕು ಬಿದ್ದು ಎತ್ತಿದ ಮೇಲೆ ಸ್ಟಾರ್ಟ್ ಆಗದಿದ್ದರೆ ಕೀಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ. ಓರೆ ಬಿದ್ದದ್ದನ್ನು ಗುರುತಿಸಿ ಎಂಜಿನ್ ನಿಲ್ಲಿಸುವ ಸೆನ್ಸರ್ ತನ್ನ ಕೆಲಸ ಮಾಡಿದೆ, ಅಷ್ಟೆ.

ದೀಪ ಹೊತ್ತದಿರುವುದೂ ಒಂದು ಸುದ್ದಿ. ಕೀ ತಿರುಗಿಸಿದಾಗ ಅದು ಕೆಲವು ಕ್ಷಣ ಬೆಳಗಿ ಆರಬೇಕು. ಬೆಳಗದೇ ಇದ್ದರೆ ದೀಪವೇ ಹೋಗಿರಬಹುದು, ಸೆಕೆಂಡ್‌ಹ್ಯಾಂಡ್ ಬೈಕು ಕೊಳ್ಳುವವರು ಇದನ್ನು ಮರೆಯಬಾರದು. ಟ್ಯಾಪೆಟ್ ಸಡಿಲ, ಕ್ಲಚ್ ಜಾರುವುದು, ಕಸ ತುಂಬಿದ ಏರ್ ಫಿಲ್ಟರ್ ಇವುಗಳಿಗೆ ಸಾಮಾನ್ಯವಾಗಿ ಕೋಡೇ ಬರುವುದಿಲ್ಲ. ಹಳದಿ ದೀಪ ಉರಿಯುತ್ತಿದ್ದರೂ ಓಟದಲ್ಲಿ ವ್ಯತ್ಯಾಸವಿಲ್ಲದಿದ್ದರೆ ನಿಧಾನವಾಗಿ ಊರು ಸೇರಬಹುದು. ಕೆಂಪು ಆಯಿಲ್ ದೀಪ ಹೊತ್ತಿದರೆ ಎಂಜಿನನ್ನು ಅಲ್ಲಿಯೇ ಆಗಲೇ ನಿಲ್ಲಿಸಬೇಕು. ಲೇಖನದಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ್ದು ಆತುರದ ಬರವಣಿಗೆ ಎನಿಸಿತು.

ಆ ಕೋಷ್ಟಕವನ್ನು ಕತ್ತರಿಸಿ ಇಟ್ಟುಕೊಂಡ ಓದುಗರು ಖಂಡಿತ ಇದ್ದಾರೆ, ನಾನೂ ಇಟ್ಟುಕೊಂಡಿದ್ದೇನೆ. ಆದ್ದರಿಂದ ಅದನ್ನು ಇನ್ನೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ: ಪ್ರತಿ ಸಂಖ್ಯೆಯ ಮುಂದೆ ಅದು ಯಾವ ಕಂಪನಿಯದೆಂಬುದು ಇರಲಿ, ಪಿ0118ರ ವಿವರಣೆ ತಿದ್ದುಪಡಿಯಾಗಲಿ, ಬಲಗಡೆಯ ತಲೆಬರಹ ‘ಮೊದಲು ಪರೀಕ್ಷಿಸಬೇಕಾದ ಸರ್ಕ್ಯೂಟ್’ ಎಂದು ಬದಲಾಗಲಿ.

ಇತಿ,
ತಮ್ಮ ಪತ್ರಿಕೆಯ ಓದುಗ