ಆ ಫೋಟೋದಲ್ಲಿ ಅವಳಿಲ್ಲ

ಉಡುಪಿ
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ನಿನ್ನ ಅಮೆರಿಕದ ವೀಸಾ ಅರ್ಜಿಗೆ ನಾನು ಕೊಡಬೇಕಾದ ಅಫಿಡವಿಟ್ ಸಿದ್ಧವಾಗಿದೆ. ನಾಳೆ ಬೆಳಗ್ಗೆ ಸ್ಪೀಡ್ ಪೋಸ್ಟ್‌ನಲ್ಲಿ ಬೆಂಗಳೂರಿಗೆ ಕಳುಹಿಸುತ್ತೇನೆ, ಈ ಪತ್ರವನ್ನೂ ಅದೇ ಲಕೋಟೆಯಲ್ಲಿ ಇಡುತ್ತೇನೆ. ಅಫಿಡವಿಟ್‌ನಲ್ಲಿ ಹೇಳಬಹುದಾದದ್ದು ಒಂದೂವರೆ ಪುಟದಲ್ಲಿ ಮುಗಿಯಿತು. ಉಳಿದದ್ದನ್ನು ನಿನಗೇ ಹೇಳಬೇಕು.

ನ್ಯಾಯಾಲಯದ ಹತ್ತಿರದ ಟೈಪಿಂಗ್ ಅಂಗಡಿ ನಿನಗೆ ಗೊತ್ತಲ್ಲ, ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷದ ಕಾಗದಕ್ಕೆಂದು ಇಬ್ಬರೂ ಹೋಗಿದ್ದೆವು. ಮೂರು ಕುರ್ಚಿ, ಆರು ಜನ, ಹೊರಗೆ ಆಟಿಯ ಮಳೆ. ಅಲ್ಲಿಯ ಹುಡುಗನ ಕಂಪ್ಯೂಟರಿನಲ್ಲಿ ಇಂತಹ ಪತ್ರಗಳಿಗೆಲ್ಲ ಮಾದರಿ ಇಟ್ಟುಕೊಂಡಿರುತ್ತಾನೆ. ಹೊರದೇಶಕ್ಕೆ ಹೋಗುವವರಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ನಾನು ಹೆಸರುಗಳನ್ನು ಕೊಟ್ಟೆ. ಅವನು ತುಂಬಿಸಿ ಗಟ್ಟಿಯಾಗಿ ಓದಿದ: ನನ್ನ ಮಗಳು ಮತ್ತು ಆಕೆಯ ಪತಿ. ಪತಿಯಲ್ಲ, ಪತ್ನಿ ಎಂದೆ. "ಪತ್ನಿ ನಿಮ್ಮ ಮಗಳಲ್ಲವೇ ಅಮ್ಮ?" ಎಂದು ಕೇಳಿದ. ಇಬ್ಬರೂ ಪತ್ನಿಯರೇ ಎಂದೆ. ಮಳೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಆಗ ಸ್ವರವೆತ್ತಿ ಹೇಳಿದೆ: "ನನ್ನ ಮಗಳು ಒಬ್ಬ ಹೆಣ್ಣನ್ನು ಮದುವೆಯಾಗಿದ್ದಾಳೆ. ಅಮೆರಿಕದ ಕಾನೂನಿನಂತೆ ಆದ ಮದುವೆ. ಹಾಗೆಯೇ ಬರೆಯಿರಿ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹಿಂದಿನ ಕುರ್ಚಿಯಲ್ಲಿ ನಮ್ಮ ಬೀದಿಯ ಔಷಧಿ ಅಂಗಡಿಯವರು ಕೂತಿದ್ದರು. ಹುಡುಗ ಸ್ವಲ್ಪ ಹೊತ್ತು ಕೀಲಿಮಣೆಯ ಮೇಲೆ ಬೆರಳಿಟ್ಟು ಹಾಗೆಯೇ ಇದ್ದ. ಆಮೇಲೆ ನಾಲ್ಕು ಕಡೆ ತಿದ್ದಿದ. ಐದನೆಯದು ಬಿಟ್ಟುಹೋಗಿತ್ತು, ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ನೋಟರಿಯ ಮೊಹರು ಬೀಳುವವರೆಗೂ ನನ್ನ ಕೈ ನಡುಗುತ್ತಿತ್ತು. ಮನೆಗೆ ಬಂದು ಕಾಫಿ ಮಾಡಿಕೊಂಡು ಜಗಲಿಯಲ್ಲಿ ಕೂತಾಗ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಿತ್ತು.

2018ರ ಸೆಪ್ಟೆಂಬರ್ 6ರ ರಾತ್ರಿ ನೀನು ಫೋನ್ ಮಾಡಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ ದಿನ. "ಅಮ್ಮ, ಇನ್ನು ನಾನು ಅಪರಾಧಿಯಲ್ಲ" ಎಂದು ಅತ್ತೆ. ಆ ಒಂದು ಮಾತಿನಲ್ಲೇ ನನಗೆ ಎಲ್ಲ ತಿಳಿಯಿತು. ನಾನು ಬೈಯಲಿಲ್ಲ, ಅಳಲಿಲ್ಲ. ಯಾರಿಗೂ ಹೇಳಬೇಡ ಎಂದಷ್ಟೇ ಹೇಳಿದೆ. ಅದು ನಿನ್ನನ್ನು ಕಾಪಾಡುವುದಕ್ಕೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದೆ. ಹೇಳದೇ ಉಳಿದದ್ದಕ್ಕೆಲ್ಲ ಒಂದು ದಿನ ಲೆಕ್ಕ ಕೊಡಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಕಳೆದ ತಿಂಗಳು ನೀನು ದಾಖಲೆಗಳ ಪಟ್ಟಿ ಓದಿ ಹೇಳಿದೆ. ಮದುವೆ ನಿಜವಾದದ್ದು ಎಂದು ತೋರಿಸಬೇಕು: ಜಂಟಿ ಖಾತೆ, ವಿಮಾನದ ಟಿಕೆಟ್, ಸಂದೇಶಗಳು, ಎರಡೂ ಮನೆಯವರ ಜೊತೆಗಿನ ಫೋಟೋ. ಅವಳ ಮನೆಯವರ ಜೊತೆಗಿನದು ಬೇಕಾದಷ್ಟು ಇದೆ ಅಮ್ಮ, ನಮ್ಮ ಕಡೆಯದು ಒಂದೂ ಇಲ್ಲ ಎಂದೆ. ನಿನ್ನ ಸ್ವರದಲ್ಲಿ ದೂರು ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಫೋನ್ ಇಟ್ಟ ಮೇಲೆ ಮಂಗಳೂರಿನ ಮದುವೆಯ ಫೋಟೋ ತೆಗೆದು ನೋಡಿದೆ. ನಿನ್ನ ದೊಡ್ಡಮ್ಮನ ಮಗನ ಮದುವೆ. ಅವಳು ಪ್ರವಾಸಿ ವೀಸಾದಲ್ಲಿ ಬಂದಿದ್ದಳು. ನಾನು ಎಲ್ಲರಿಗೂ, ಮಗಳ ಸ್ನೇಹಿತೆ, ಊರು ನೋಡಲು ಬಂದಿದ್ದಾಳೆ ಎಂದು ಪರಿಚಯಿಸಿದೆ. ಅವಳು ನಿನ್ನ ಹಳೆಯ ಹಸಿರು ಸೀರೆ ಉಟ್ಟಿದ್ದಳು, ನೆರಿಗೆ ನಾನೇ ಹಿಡಿದಿದ್ದೆ. ಊಟದ ಮೊದಲು ಕುಟುಂಬದವರೆಲ್ಲ ವೇದಿಕೆ ಹತ್ತಿದಾಗ ಅವಳೂ ನಿನ್ನ ಹಿಂದೆ ಮೆಟ್ಟಿಲ ಹತ್ತಿರ ಬಂದಳು. ನಾನು ನನ್ನ ಮೊಬೈಲನ್ನು ಅವಳ ಕೈಗೆ ಕೊಟ್ಟು, ನೀನು ತೆಗೆ ಎಂದೆ. ಅವಳು ನಗುತ್ತಲೇ ಕೆಳಗಿಳಿದು ಹೋಗಿ ತೆಗೆದಳು. ಫೋಟೋದಲ್ಲಿ ಇಪ್ಪತ್ತಮೂರು ಜನ ಇದ್ದೇವೆ. ನೀನು ಒಬ್ಬಳೇ ಕ್ಯಾಮೆರಾದ ಕಡೆ ನೋಡುತ್ತಿಲ್ಲ, ಅದನ್ನು ಹಿಡಿದವಳನ್ನು ನೋಡುತ್ತಿದ್ದೀಯೆ. ಬೇರೆಯವರಿಗೆ ಅದು ಗೊತ್ತಾಗಲಾರದು. ನನಗೆ ಗೊತ್ತಾಯಿತು, ಇಷ್ಟು ತಡವಾಗಿ.

ಇದನ್ನು ಅಫಿಡವಿಟ್‌ನಲ್ಲಿ ಬರೆಸಿದ್ದೇನೆ. ಆ ಸಮಾರಂಭದಲ್ಲಿ ಅವಳು ಇದ್ದಳು, ಫೋಟೋ ತೆಗೆದವಳೇ ಅವಳು, ಅವಳನ್ನು ಹೊರಗಿಟ್ಟದ್ದು ನನ್ನ ತಪ್ಪು ಎಂದು. ಕೊನೆಯ ವಾಕ್ಯ ಬೇಡ ಎಂದು ನೋಟರಿ ಹೇಳಿದರು. ಇರಲಿ ಎಂದೆ.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಎಷ್ಟು ಗಂಡ ಹೆಂಡತಿಯರಿಗೆ ಜಂಟಿ ಖಾತೆ ತೆರೆದುಕೊಟ್ಟೆನೋ! ನಿಮ್ಮ ಮದುವೆ ನಿಜವೇ ಎಂದು ಒಬ್ಬರನ್ನೂ ಕೇಳಿದ್ದಿಲ್ಲ. ವೀಸಾದಲ್ಲಿ ಎಲ್ಲ ದಂಪತಿಗಳನ್ನೂ ಕೇಳುತ್ತಾರೆ, ಅದು ನನಗೂ ಗೊತ್ತು. ಆದರೆ ಉಳಿದವರ ಹಿಂದೆ ಛತ್ರ, ಲಗ್ನಪತ್ರಿಕೆ, ಐನೂರು ಜನ ಸಾಕ್ಷಿ ಇರುತ್ತದೆ. ನಿಮ್ಮಿಬ್ಬರಿಗೆ ಅದು ಇಲ್ಲದಿರಲು ನಾನೂ ಕಾರಣ, ನಮ್ಮ ದೇಶವೂ ಕಾರಣ. 2023ರ ಅಕ್ಟೋಬರ್ 17ರ ತೀರ್ಪಿಗಾಗಿ ನೀವು ಕಾದಿರಿ, ಇಲ್ಲಿಯೇ ಮದುವೆ ನೋಂದಾಯಿಸುವ ಆಸೆ ಇಟ್ಟುಕೊಂಡು. ಅಂತಹ ಮದುವೆಯ ಹಕ್ಕು ಸಂವಿಧಾನದಲ್ಲಿಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಎಂದಿತು ಕೋರ್ಟು. ಮೂರು ತಿಂಗಳಲ್ಲಿ ನೀನು ಸಿಯಾಟಲ್‌ಗೆ ಹೋಗಿ ಮದುವೆಯಾಗಿ ಬಂದೆ. ನಾನು ಆಗಲೂ ಊರಿನಲ್ಲಿ, ರಜೆಗೆ ಹೋಗಿದ್ದಾಳೆ ಎಂದೆ.

ಆ ದೇಶದವರಿಗೂ ಇದು ಸುಲಭವಾಗಿ ಸಿಕ್ಕಿದ್ದಲ್ಲ. ನೀನು ಹೇಳಿದ ರಿಚರ್ಡ್ ಆಡಮ್ಸ್ ಮತ್ತು ಟೋನಿ ಸಲಿವನ್ ಕಥೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. 1975ರಲ್ಲಿ ಕೊಲೊರಾಡೊದ ಬೌಲ್ಡರ್‌ನಲ್ಲಿ ಲೈಸೆನ್ಸ್ ಪಡೆದು ಮದುವೆಯಾದವರು. ಆಡಮ್ಸ್ ಅಮೆರಿಕದ ಪ್ರಜೆ, ಸಲಿವನ್ ಆಸ್ಟ್ರೇಲಿಯಾದವರು. ಸಂಗಾತಿಯ ವೀಸಾಕ್ಕೆ ಅರ್ಜಿ ಹಾಕಿದರೆ, ನಿಮ್ಮಂಥ ಇಬ್ಬರ ನಡುವೆ ನಿಜವಾದ ದಾಂಪತ್ಯ ಇರಬಹುದೆಂದು ನೀವು ತೋರಿಸಿಕೊಟ್ಟಿಲ್ಲ ಎಂದು, ಒಂದು ಹೊಲಸು ಬೈಗುಳವನ್ನೂ ಸೇರಿಸಿ, ಸರ್ಕಾರಿ ಕಾಗದದಲ್ಲಿ ಉತ್ತರ ಬಂತು. ಕೋರ್ಟಿನಲ್ಲಿ ಸೋತರು, ಆದರೂ ಬೇರೆಯಾಗಲಿಲ್ಲ. 2012ರಲ್ಲಿ ಆಡಮ್ಸ್ ತೀರಿಕೊಂಡರು. ಮರುವರ್ಷ ಜೂನ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಇಂತಹ ಮದುವೆಗಳನ್ನು ಕೇಂದ್ರ ಸರ್ಕಾರ ಮಾನ್ಯ ಮಾಡಲೇಬೇಕು ಎಂದಿತು. ಸಲಿವನ್‌ಗೆ ಗ್ರೀನ್ ಕಾರ್ಡ್ ಸಿಕ್ಕಿದ್ದು 2016ರಲ್ಲಿ, ಗಂಡನನ್ನು ಕಳೆದುಕೊಂಡವರು ಎಂಬ ನೆಲೆಯಲ್ಲಿ. ನಿನ್ನ ಹದಿನೇಳು ತಿಂಗಳ ಕಾಯುವಿಕೆ ಅದರ ಮುಂದೆ ಸಣ್ಣದು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಕಾಯುವವರಿಗೆ ಯಾವ ಕಾಯುವಿಕೆಯೂ ಸಣ್ಣದಲ್ಲ. ಮದುವೆ ಎಲ್ಲಿ ನಡೆಯಿತೋ ಅಲ್ಲಿಯ ಕಾನೂನು ಒಪ್ಪಿದ್ದರೆ ಸಾಕು ಎಂದು ಇವತ್ತು ನಿನ್ನ ಅರ್ಜಿ ನೋಡುತ್ತಿದ್ದಾರಲ್ಲ, ಅದರ ಹಿಂದೆ ಆ ಇಬ್ಬರ ಸಂಸಾರ ಇದೆ.

ನಮ್ಮ ಮನೆಯದೇ ಒಂದು ಮಾತು ನಿನಗೆ ಹೇಳಿರಲಿಲ್ಲ. ನಮ್ಮದು ಅಳಿಯಸಂತಾನದ ಕುಟುಂಬ. ಮನೆ, ಗದ್ದೆ, ಬಳಿ ಎಂಬ ಕುಲದ ಹೆಸರು ಎಲ್ಲ ಹೆಣ್ಣಿನ ಕಡೆಯಿಂದ. ಬ್ರಿಟಿಷರ ಕಾಲದ ಮದ್ರಾಸ್ ಹೈಕೋರ್ಟ್ ಅಳಿಯಸಂತಾನದವರ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ ಎಂದಿತ್ತು. ನನ್ನ ಅಜ್ಜಿಯ ತಾಯಿಯಂಥವರ ಮದುವೆಗಳು ಅವು. ಧಾರೆಯೆರೆದು, ಊರೆಲ್ಲ ಉಂಡು ಹೋದ ಮದುವೆಗಳು! ಆ ಸಂತತಿಯಲ್ಲಿ ಹುಟ್ಟಿದ ನಾನು, ನಿನ್ನ ಮದುವೆ ಮದುವೆಯೇ ಎಂದು ಒಂದು ಸಲವಾದರೂ ನಿನ್ನ ಎದುರಿಗೆ ಹೇಳಬೇಕಿತ್ತು.

ಅವಳನ್ನು ಏನೆಂದು ಕರೆಯಲಿ ಎಂದು ಬಹಳ ದಿನ ಗೊಂದಲದಲ್ಲಿದ್ದೆ. ಮಗನ ಹೆಂಡತಿ ಸೊಸೆ, ಮಗಳ ಗಂಡ ಅಳಿಯ. ಮಗಳ ಹೆಂಡತಿಗೆ ಬೇರೆ ಶಬ್ದವಿಲ್ಲ. ನಾನು ಸೊಸೆ ಎಂದೇ ಕರೆಯುತ್ತೇನೆ. ಮೊನ್ನೆ ವಿಡಿಯೋ ಕರೆಯಲ್ಲಿ ಅವಳಿಗೆ ಹೇಳಿಕೊಟ್ಟೆ, ಮೂರು ಸಲ ಹೇಳಿ ಕಲಿತಳು. ನಾನು ಅವಳಿಗೆ ಅತ್ತೆ.

ಇನ್ನು ಕೆಲಸದ ಮಾತು. ನಿನ್ನ ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ದಕ್ಷಿಣ ಕನ್ನಡ ಎಂದೇ ಇದೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ನೀನು ಹುಟ್ಟಿದ್ದು ಅದಕ್ಕೂ ಮೊದಲು. ಕೇಳಿದರೆ ಹಾಗೆಯೇ ಹೇಳು. ಪೊಲೀಸ್ ಕ್ಲಿಯರೆನ್ಸ್ ಪತ್ರದ ಮೂಲಪ್ರತಿ ಮರೆಯಬೇಡ. ನಿನ್ನ ಖರ್ಚಿಗೆ ಅವಳು ಕೊಡುವ ಜಾಮೀನು ಪತ್ರದ ಅಂಕಿಗಳನ್ನು ತಾಳೆ ನೋಡಿದೆ. ಅಲ್ಲಿಯ ಬಡತನ ರೇಖೆಯ ಶೇಕಡಾ 125ರಷ್ಟು ವರಮಾನ ಬೇಕಾದಲ್ಲಿ ಅವಳದು ಬಹಳ ಮೇಲಿದೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ನೀನು ಅಲ್ಲಿಗೆ ಹೋಗುವುದರಿಂದ ಮೊದಲ ಗ್ರೀನ್ ಕಾರ್ಡ್ ಎರಡು ವರ್ಷದ್ದು, ಆಮೇಲೆ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕಬೇಕು ಎಂದು ನೀನೇ ಹೇಳಿದ್ದೆ. ಆ ಕಡತಕ್ಕೆ ನಮ್ಮ ಕಡೆಯ ಫೋಟೋ ಕಡಿಮೆ ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಮತ್ಸ್ಯಗಂಧ ರೈಲಿನಲ್ಲಿ ಟಿಕೆಟ್ ಮಾಡಿಸಿದ್ದೇನೆ. ಮಳೆಗಾಲದ ವೇಳಾಪಟ್ಟಿ, ಗುಡ್ಡ ಜರಿದರೆ ಹೇಳುವ ಹಾಗಿಲ್ಲ. ಹಾಗಾಗಿ ಸಂದರ್ಶನಕ್ಕೆ ಎರಡು ದಿನ ಮೊದಲೇ ಮುಂಬೈಯ ಕುರ್ಲಾದಲ್ಲಿ ಇಳಿಯುತ್ತೇನೆ. ಕಾನ್ಸುಲೇಟಿನ ಒಳಗೆ ನನ್ನನ್ನು ಬಿಡುವುದಿಲ್ಲ ಎಂದು ಗೊತ್ತಿದೆ. ಹೊರಗೆ ಕೊಡೆ ಹಿಡಿದು ನಿಲ್ಲುತ್ತೇನೆ. ಮನೆಯವರಿಗೆ ಗೊತ್ತಿದೆಯೇ ಎಂದು ಅಧಿಕಾರಿ ಕೇಳಿದರೆ, ಅಮ್ಮ ಗೇಟಿನ ಹತ್ತಿರ ಇದ್ದಾಳೆ ಎಂದು ಹೇಳು.

ಹಸಿರು ಸೀರೆಯನ್ನು ಇಸ್ತ್ರಿ ಮಾಡಿ ಚೀಲದಲ್ಲಿ ಇಟ್ಟಿದ್ದೇನೆ. ಅವಳಿಗೆ ತೆಗೆದುಕೊಂಡು ಹೋಗು.

ನಿನ್ನ
ಅಮ್ಮ