ಏಳನೇ ಸಿಂಫನಿ: ನಿಮ್ಮ ಅನಿಸಿಕೆ ಬರೆಯಿರಿ

ಗೆಳೆಯರೇ, ಪಾಶ್ಚಾತ್ಯ ಸಂಗೀತ ರಚನಕಾರ ಬೀಥೋವನ್‌ನ ಏಳನೇ ಸಿಂಫನಿ (ಇಡೀ ವಾದ್ಯವೃಂದ ನುಡಿಸುವ, ಹಲವು ಭಾಗಗಳ ದೊಡ್ಡ ಕೃತಿ) ಕೇಳಿದವರೆಲ್ಲ ಭಾನುವಾರದೊಳಗೆ ನಿಮ್ಮ ಅನಿಸಿಕೆ ಇಲ್ಲೇ ಹಾಕಿ. ‘ಸೂಪರ್’ ಅಂತ ಒಂದೇ ಪದ ಬೇಡ, ದಯವಿಟ್ಟು. ಯಾವ ಗಳಿಗೆಯಲ್ಲಿ ಮೈ ಜುಮ್ಮೆಂದಿತು, ಎಲ್ಲಿ ಗಮನ ತಪ್ಪಿತು, ಅದನ್ನು ಬರೆಯಿರಿ. ಬೇಸರವಾಗಿದ್ದರೆ ಅದನ್ನೂ ಹೇಳಿ, ಸಂಕೋಚ ಬೇಡ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ಭಾಗ. ಊದುವ ವಾದ್ಯಗಳ ಒಂದೇ ಒಂದು ಸ್ವರಮೇಳ (ಒಟ್ಟಿಗೆ ನುಡಿಯುವ ಕೆಲವು ಸ್ವರಗಳು) ಜೋರಾಗಿ ಎದ್ದು ಕರಗುತ್ತದೆ. ಆಮೇಲೆ ಪಿಟೀಲಿಗಿಂತ ದೊಡ್ಡದಾದ, ತಗ್ಗು ದನಿಯ ತಂತಿವಾದ್ಯಗಳಾದ ವಯೋಲಾ, ಚೆಲ್ಲೊ, ಡಬಲ್ ಬಾಸ್ ತೀರಾ ಮೆಲ್ಲಗೆ ಹೆಜ್ಜೆ ಹಾಕತೊಡಗುತ್ತವೆ: ಒಂದು ದೀರ್ಘ, ಎರಡು ಹ್ರಸ್ವ, ಮತ್ತೆರಡು ದೀರ್ಘ. ಅದೇ ಲಯದ ಮೇಲೆ ಪಿಟೀಲುಗಳು ಸರದಿಯಂತೆ ಸೇರಿ, ಕೊನೆಗೆ ಇಡೀ ವಾದ್ಯವೃಂದ ಎದ್ದು ನಿಂತಾಗ ನನಗೆ ಗಂಟಲು ಕಟ್ಟಿತು.

1813ರ ಡಿಸೆಂಬರ್ 8ರಂದು ವಿಯೆನ್ನಾದಲ್ಲಿ, ಗಾಯಗೊಂಡ ಸೈನಿಕರ ನೆರವಿಗಾಗಿ ನಡೆದ ಕಛೇರಿಯಲ್ಲಿ ಈ ಸಿಂಫನಿ ಮೊದಲ ಸಲ ಕೇಳಿಬಂತು. ಆವತ್ತೂ ಜನ ಈ ಎರಡನೇ ಭಾಗವನ್ನೇ ಇನ್ನೊಮ್ಮೆ ನುಡಿಸಿ ಎಂದು ಒತ್ತಾಯಿಸಿದ್ದರು!

ಇನ್ನೂ ಕೇಳದವರು ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಆ ಡಬಲ್ ಬಾಸ್ ಕೇಳುವುದೇ ಇಲ್ಲ.